ಕೇಳಿ ತಂದ ಸ್ಟೂಲು

ವೈಕುಂಠ ಸಮಾರಾಧನೆಯ ಊಟ ಮುಗಿದ ಮರುದಿನ ಬೆಳಿಗ್ಗೆ ಹೋಟೆಲು ಬಾಗಿಲು ತೆಗೆಯಿತು.

ಮಹಡಿಯ ಕೋಣೆಯಲ್ಲಿ ಸರಸಳಿಗೆ ಎಚ್ಚರವಾದದ್ದೇ ಆ ಸದ್ದಿಗೆ. ಮೊದಲು ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸುವ ಸದ್ದು. ಆಮೇಲೆ ಒಳಗಿನಿಂದ ರುಬ್ಬುವ ಕಲ್ಲಿನ ಗುಡುಗುಡು. ಎಗ್ಮೋರ್ ಸ್ಟೇಷನ್ನಿನಲ್ಲಿ ತಾಂಬರಂ ಗಾಡಿ ಕೂಗಿತು. ಅದರ ಬೆನ್ನಿಗೇ ಗುಮಾಸ್ತರ ಚಪ್ಪಲಿಗಳು, ಕುರ್ಚಿಗಳನ್ನು ಎಳೆಯುವ ಗದ್ದಲ, ಸಪ್ಲಾಯರ್ ತಿರುಮಲನ ಗಂಟಲು: “ರೆಂಡು ಇಡ್ಲಿ, ಒರು ವಡೈ, ಸ್ಟ್ರಾಂಗಾ ಒರು ಕಾಫಿ!”

ಆ ಕೂಗಿಗೆ ಉತ್ತರವಾಗಿ ಗಲ್ಲಾದ ಹತ್ತಿರ ಸ್ಟೂಲು ಕಿರ್ರೆಂದು ತಿರುಗಿತು.

ಸರಸ ಹಾಸಿಗೆಯ ಮೇಲೆ ಎದ್ದು ಕುಳಿತಳು. ಒಂದು ಗಳಿಗೆ, ಒಂದೇ ಗಳಿಗೆ, ಏನೂ ಆಗಿಲ್ಲವೆಂದು ಅವಳ ಮೈಯೆಲ್ಲ ನಂಬಿತು. ಅದು ಗಂಡ ವಿಷ್ಣುಮೂರ್ತಿಯ ಸ್ಟೂಲು. ಗಿರಾಕಿ ಕಾಸು ಕೊಟ್ಟರೆ ಇತ್ತ, ಅಡುಗೆಮನೆ ಕೂಗಿದರೆ ಅತ್ತ, ಟೆಲಿಫೋನು ಹೊಡೆದುಕೊಂಡರೆ ಹಿಂದಕ್ಕೆ ಅವನು ಅದರ ಮೇಲೆ ಬುಗುರಿಯಂತೆ ತಿರುಗುತ್ತಿದ್ದ. ಮತ್ತೊಮ್ಮೆ ಕಿರ್ರೆಂದಿತು. ಈ ಸಲ ಸದ್ದು ಭಾರವಾಗಿತ್ತು, ಅರ್ಧಕ್ಕೆ ನಿಂತಿತು. ಅದರ ಮೇಲೆ ಕುಳಿತಿದ್ದವನು ಗಂಡನ ಅಣ್ಣ ಗುಂಡಣ್ಣ. “ಥತ್, ಇದೆಂತ ಪೀಡೆ ಮಾರಾಯ, ಕೂತರೆ ನೆಲಕ್ಕೆ ಕೂತ ಹಾಗೆ,” ಎಂದು ಅವನು ಬೈದದ್ದೂ ಕೇಳಿಸಿತು.

ಅವಳ ಅತ್ತೆ ರತ್ನಾವತಿಯಮ್ಮ ಲೋಟದಲ್ಲಿ ಕಾಫಿ ತಂದು ಕಿಟಕಿಯ ಮೇಲಿಟ್ಟರು. ಸೊಸೆಯ ಮುಖ ನೋಡಿದರು. ಆ ಮುಖ ಕಳೆದ ದಿನಗಳಲ್ಲೆಲ್ಲ ಇದ್ದ ಹಾಗೆಯೇ ಇತ್ತು, ತೊಳೆದಿಟ್ಟ ಬಟ್ಟಲಿನಂತೆ.

“ಇವತ್ತಾದರೂ ಅಳು. ಹಾಡಿನಲ್ಲಿ ಅಷ್ಟು ಅತ್ತವಳು ನೀನು. ನನ್ನ ಮಗನಿಗೆ ಒಂದು ಹನಿ ಇಲ್ಲ.”

ಸರಸ ಲೋಟ ಎತ್ತಿಕೊಂಡಳು. ಕಾಫಿ ಬಿಸಿಯಾಗಿತ್ತು, ಕುಡಿದಳು. ಬಿಸಿಯಾದದ್ದನ್ನು ಕುಡಿಯಲು ಬರುತ್ತದೆ ಎಂಬುದೇ ಅವಳಿಗೆ ಅಂದು ಗೊತ್ತಾದ ಹೊಸ ಸಂಗತಿ.

ಹಾಡಿನಲ್ಲಿ ಅವಳು ಅತ್ತದ್ದೇ ಇಲ್ಲ. ಆ ಮನೆಯಲ್ಲಿ ಅದನ್ನು ತಿಳಿದವನು ಒಬ್ಬನೇ, ಅವನು ಕಾಮಾಲೆಯಾಗಿ ಹೋಗಿಬಿಟ್ಟ.

ಸರಸಳ ತಂದೆ ರಾಯಪುರಂ ಬಂದರಿನ ಕಚೇರಿಯಲ್ಲಿ ಗುಮಾಸ್ತರು. ಉಡುಪಿಯ ಕಡೆಯವರು, ಮಗಳನ್ನು ಓದಿಸಬೇಕೆಂಬ ಹಟದವರು. ಸಮುದ್ರಕ್ಕೆ ಎದುರಾಗಿರುವ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದಾಗ ಒಂದು ಬೆಳಿಗ್ಗೆ ಪ್ರಾರ್ಥನೆಯ ಮಧ್ಯೆ ಪಿಯಾನೋ ನಿಂತುಹೋಯಿತು. “ಹಿಂದಿನ ಸಾಲಿನಲ್ಲಿ ಹಾಡುತ್ತಿರುವವರು ಯಾರು?” ಎಂದು ಮಿಸ್ ಹಾರ್ಟ್ಲಿ ಕೇಳಿದಳು. ತಪ್ಪು ಮಾಡಿದೆನೆಂದು ಸರಸ ಎದ್ದು ನಿಂತಳು. ಆ ಕುಳ್ಳ ಇಂಗ್ಲಿಷ್ ಹೆಂಗಸು, ತನ್ನವರೆಲ್ಲ ಊರಿಗೆ ಹೋದರೂ ವೆಪೇರಿಯಲ್ಲೇ ಉಳಿದುಬಿಟ್ಟವಳು, ಅಂದಿನಿಂದ ಅವಳನ್ನು ಬಿಡಲಿಲ್ಲ. ಉಸಿರು ಹೊಟ್ಟೆಯಿಂದ ಬರಬೇಕು. ಉರಿಯುವ ಮೇಣದ ಬತ್ತಿಯ ಎದುರು ಬಾಯಿ ತೆರೆದು ಹಾಡಬೇಕು, ಜ್ವಾಲೆ ಅಲುಗಬಾರದು. ಇಟಾಲಿಯನ್ ಶಬ್ದಗಳನ್ನು ಅಡಿಕೆಯಂತೆ ಅಗಿದು ಅಗಿದು ಮೆದುಮಾಡಬೇಕು. ಮದುವೆಯಾದ ಹೊಸದರಲ್ಲಿ ಮೇಣದ ಬತ್ತಿ ಸಿಗದೆ ಅವಳು ದೇವರ ದೀಪದ ಮುಂದೆ ನಿಂತು ಸಾಧನೆ ಮಾಡಿದ್ದನ್ನು ಅತ್ತೆ ನೋಡಿದರು. ದೀಪ ಆರಲಿಲ್ಲ. ಆದರೂ “ದೇವರ ದೀಪ ಆರಿಸುವ ಸಂಗೀತ” ಎಂಬ ಹೆಸರು ಆರದೆ ಉಳಿಯಿತು.

ಲಂಡನ್ನಿನಿಂದ ಬಂದ ಪರೀಕ್ಷಕ ಅವಳಿಗೆ ಆ ವರ್ಷದ ಅತಿ ಹೆಚ್ಚು ಅಂಕ ಕೊಟ್ಟು, “ಇವಳು ಯುರೋಪಿನಲ್ಲಿ ಹುಟ್ಟಿದ್ದರೆ ಆಪೆರಾದಲ್ಲಿರುತ್ತಿದ್ದಳು, ಪಾಪ, ಇಲ್ಲೇನು ಮಾಡುತ್ತಾಳೆ?” ಎಂದ. ಅದು ಹೊಗಳಿಕೆಯೆಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಇಲ್ಲೇನು ಮಾಡಿದಳೆಂದರೆ, ಹಾಡಿದಳು. ಮ್ಯೂಸಿಯಂ ಥಿಯೇಟರಿನಲ್ಲಿ, ರೇಡಿಯೋದಲ್ಲಿ, ಬೆಂಗಳೂರಿನ ದಂಡಿನಲ್ಲಿ, ಕಲ್ಕತ್ತೆಯಲ್ಲಿ. ಬೊಂಬಾಯಿಯಲ್ಲಿ ಪಾರಸಿಗಳ ಮೇಳದ ನಡುವೆ ನಿಂತು ಒಂದು ಆಪೆರಾವನ್ನು ಮೊದಲಿನಿಂದ ಕೊನೆಯ ತನಕ ಹಾಡಿದಳು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಅವಳ ಕಂಠದ ವಿಚಾರವಲ್ಲ, ಹೋಟೆಲಿನವನ ಹೆಂಡತಿ ಸೀರೆಯುಟ್ಟು ಇಟಾಲಿಯನ್ ಹಾಡಿದ ಸೋಜಿಗ. ಮೈಲಾಪುರದ ಸಂಗೀತಗಾರರು, “ಶ್ರುತಿ ಇದೆ, ಗಮಕ ಇಲ್ಲ, ಪಾಪ” ಎಂದರು. ಎರಡು ಕಡೆಯಿಂದಲೂ ‘ಪಾಪ.’ ಕುದುರೆ ಎರಡು ಕಾಲಿನ ಮೇಲೆ ನಡೆದರೆ ಜನ ಹೇಗೆ ನೋಡುತ್ತಾರೋ ಹಾಗೆ ನೋಡಿದರು. ಅದಕ್ಕಾಗಿ ಅವಳು ಎಷ್ಟು ವರ್ಷ ಉಸಿರು ಕಟ್ಟಿದಳು ಎಂದು ಯಾರೂ ಕೇಳಲಿಲ್ಲ.

ವಿಷ್ಣುಮೂರ್ತಿಗೆ ಆ ಸಂಗೀತದ ಗಂಧಗಾಳಿ ಇರಲಿಲ್ಲ. ಅವನು ರಿಹರ್ಸಲಿನಿಂದ ಬಂದವಳನ್ನು ಕೇಳುತ್ತಿದ್ದದ್ದು ಒಂದೇ ಮಾತು: “ಇವತ್ತು ಕೆಲಸ ಹೇಗಾಯಿತು?” ಅಡುಗೆಯ ಭಟ್ಟರನ್ನು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದ. ಅವಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾರಿಂದಲೂ ಸಿಕ್ಕಿರಲಿಲ್ಲ.

ಆ ತಿಂಗಳ ಕೊನೆಗೆ, ಮಿಸ್ ಹಾರ್ಟ್ಲಿ ಪಿಯಾನೋ ನುಡಿಸುವ ವೆಪೇರಿಯ ಸಂಗೀತ ಸಂಘದ ವಾರ್ಷಿಕ ಕಛೇರಿ ಇತ್ತು. ಅದರ ಕೊನೆಯ ಹಾಡು ಅವಳದು. ಗಂಡನ ಹಡಗು ಮುಳುಗಿದ ಸುದ್ದಿ ಕೇಳಿದ ರಾಣಿಯೊಬ್ಬಳು ಸಮುದ್ರದ ದಂಡೆಯಲ್ಲಿ ನಿಂತು ಹಾಡುವ ಹಾಡು. ಹಣೆಯಲ್ಲಿ ಕುಂಕುಮ, ತಲೆಯಲ್ಲಿ ಮಲ್ಲಿಗೆ ಇದ್ದ ಕಾಲದಲ್ಲಿ ಅವಳು ಅದನ್ನು ಊರೂರಲ್ಲಿ ಹಾಡಿದ್ದಳು, ಊರೂರಲ್ಲಿ ಜನ ಎದ್ದು ನಿಂತಿದ್ದರು.

ಅಂದು ಬೆಳಿಗ್ಗೆ ಗಿರಾಕಿಗಳ ಮೊದಲ ನೂಕು ಕಳೆದ ಮೇಲೆ ಸಂಘದ ಕಾರ್ಯದರ್ಶಿ ರೆಬೇರೊ ಬಂದ. ಕಪ್ಪು ಟೈ ಕಟ್ಟಿದ್ದ. ಸರಸ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಇಳಿಯುತ್ತಿದ್ದವಳು, ಗಲ್ಲಾದ ಹಿಂದಿನ ತಿರುವಿನಲ್ಲಿ ತನ್ನ ಹೆಸರು ಕೇಳಿ ನಿಂತಳು.

“ಈ ಸ್ಥಿತಿಯಲ್ಲಿ ಅವರನ್ನು ಹಾಡಿ ಎನ್ನುವುದೇ ಕ್ರೌರ್ಯ,” ಎಂದು ರೆಬೇರೊ ಇಂಗ್ಲಿಷಿನಲ್ಲಿ ಮೆತ್ತಗೆ ಹೇಳುತ್ತಿದ್ದ. “ಅದರಲ್ಲೂ ಆ ಹಾಡು! ಕೇಳುವವರಿಗೂ ತಡೆಯಲಾಗುವುದಿಲ್ಲ. ನಮ್ಮ ಕಮಿಟಿಯಲ್ಲಿ ಎಲ್ಲರದೂ ಒಂದೇ ಅಭಿಪ್ರಾಯ. ಡಾಕ್ಟರ ಹೆಂಡತಿ ಡೊರೀನ್ ಹಾಡಲಿ ಎಂದು. ಇವತ್ತು ಸಂಜೆಯ ರಿಹರ್ಸಲಿಗೆ ಆಕೆಗೆ ಹೇಳಿಯೂ ಆಗಿದೆ.”

“ಕರೆಕ್ಟ್ ಸಾರ್, ರೊಂಬ ಕರೆಕ್ಟ್,” ಎಂದ ಗುಂಡಣ್ಣ. “ನಾವು ಹೇಳಿದರೆ ಅವಳು ಕೇಳುವವಳಲ್ಲ, ಬಿ.ಎ. ಓದಿದವಳು. ನೀವಾಗಿ ಬಂದು ಹೇಳಿದ್ದು ದೇವರು ಬಂದ ಹಾಗಾಯಿತು. ಇನ್ನು ಹಾಡು ಗೀಡು ಎಲ್ಲ ಮುಗಿಯಿತು ಬಿಡಿ. ತಿರುಮಲಾ, ಸಾಹೇಬರಿಗೆ ಇನ್ನೊಂದು ಕಾಫಿ!”

ಅವರಿಬ್ಬರೂ ಈ ಮೊದಲು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಒಬ್ಬನಿಗೆ ಬೆಳ್ಳುಳ್ಳಿಯ ವಾಸನೆಯೂ ಆಗದು, ಇನ್ನೊಬ್ಬನ ಮನೆಯಲ್ಲಿ ಭಾನುವಾರ ಹಂದಿಮಾಂಸ. ಸಾವಿರ ಸಂಗತಿಯಲ್ಲಿ ಇಬ್ಬರದೂ ಬೇರೆ ಬೇರೆ ಎಲೆ. ಒಬ್ಬ ಹೆಂಗಸಿನ ಬಾಯಿ ಮುಚ್ಚಿಸುವ ಊಟಕ್ಕೆ ಮಾತ್ರ ಒಂದೇ ಪಂಕ್ತಿಯಲ್ಲಿ ಕುಳಿತರು. ಸಂತಾಪದ ಕಾಫಿ ಕುಡಿದರು, ಕೈ ಕುಲುಕಿದರು. ಮೆಟ್ಟಿಲಿನ ಮೇಲೆ ಅವಳಿದ್ದಾಳೆಂದು ಇಬ್ಬರಿಗೂ ಹೊಳೆಯಲಿಲ್ಲ. ಮೇಲಕ್ಕೆ ಕೂಗಿ ಅವಳನ್ನೇ ಒಂದು ಮಾತು ಕೇಳಬಹುದೆಂದೂ ಹೊಳೆಯಲಿಲ್ಲ.

ಇಷ್ಟು ದಿನ ಮರಗಟ್ಟಿದ್ದ ಮೈಯಲ್ಲಿ ಸರಸಳಿಗೆ ಮೊದಲು ಬಿಸಿ ತಾಗಿದ್ದು ಆಗ. ಅದು ದುಃಖವಲ್ಲ, ಸಿಟ್ಟು. ಹೊಟ್ಟೆಯ ಅಡಿಯಿಂದ, ಮಿಸ್ ಹಾರ್ಟ್ಲಿ ಉಸಿರು ಎಲ್ಲಿಂದ ಬರಬೇಕೆಂದು ಹೇಳಿದ್ದಳೋ ಅಲ್ಲಿಂದಲೇ ಬಂತು.

ರೆಬೇರೊ ಹೋದ ಮೇಲೆ ಅವಳು ಇಳಿದು ಗಲ್ಲಾದ ಮುಂದೆ ನಿಂತಳು. ಗುಂಡಣ್ಣ ಗಾಬರಿಯಾಗಿ ಗಿರಾಕಿಗಳ ಕಡೆ ನೋಡಿದ. “ಇಲ್ಲಿಗೆ ಎಂತಕ್ಕೆ ಬಂದದ್ದು ನೀನು? ಮೇಲೆ ಹೋಗು. ಬೆಳಗಿನ ವ್ಯಾಪಾರದ ಹೊತ್ತು.”

“ಇವತ್ತು ಹೋಟೆಲು ಯಾಕೆ ತೆಗೆದಿರಿ, ಭಾವ?”

“ಇದೆಂತ ಪ್ರಶ್ನೆ? ಗಿರಾಕಿ ಒಮ್ಮೆ ಪಕ್ಕದ ಹೋಟೆಲಿನ ಮೆಟ್ಟಿಲು ಹತ್ತಿದರೆ ಮತ್ತೆ ಇಳಿಯುದಿಲ್ಲ.”

“ತಮ್ಮ ಹೋದ ದುಃಖ ನಿಮಗಿಲ್ಲವಾ?”

ಗುಂಡಣ್ಣನ ಮುಖ ಕೆಂಪಾಯಿತು. ಅವನ ಕಣ್ಣಲ್ಲಿ ನೀರೂ ಬಂತು. ಅವನು ತಮ್ಮನನ್ನು ಎತ್ತಿ ಆಡಿಸಿದವನು. “ಬಾಯಿಗೆ ಬಂದ ಹಾಗೆ ಮಾತಾಡಬೇಡ ಮಾರಾಯ್ತಿ.”

“ದುಃಖ ಇದೆ. ನನಗೆ ಗೊತ್ತು. ಇದ್ದೂ ಗಲ್ಲಾಕ್ಕೆ ಬಂದು ಕೂತಿರಿ. ಯಾರೂ ನಿಮ್ಮನ್ನು ಕಲ್ಲೆದೆಯವ ಅನ್ನಲಿಲ್ಲ. ಯಾಕೆಂದರೆ ಅದು ಕೆಲಸ. ನನ್ನದೂ ಕೆಲಸವೇ. ಒಮ್ಮೆ ಡೊರೀನ್ ಆ ಮೆಟ್ಟಿಲು ಹತ್ತಿದರೆ ನನ್ನನ್ನು ಮತ್ತೆ ಹತ್ತಿಸುವವರಿಲ್ಲ.”

“ಹೋಟೆಲೂ ಹಾಡೂ ಒಂದಾ?”

“ಒಂದಲ್ಲ. ಗಲ್ಲಾದಲ್ಲಿ ಕೂರುವುದಕ್ಕೆ ನೀವು ಎಷ್ಟು ವರ್ಷ ಕಲಿತಿರಿ?”

ತಿರುಮಲ ಕೈಯಲ್ಲಿದ್ದ ತಟ್ಟೆಗಳೊಂದಿಗೆ ಅಡುಗೆಮನೆಯ ಒಳಕ್ಕೆ ಸರಿದ. ಅಷ್ಟರಲ್ಲಿ ರತ್ನಾವತಿಯಮ್ಮ ಹಿತ್ತಿಲ ಬಾಗಿಲಿನಿಂದ ಬಂದರು. ಇಬ್ಬರ ಮಾತೂ ಅವರಿಗೆ ಕೇಳಿಸಿತ್ತು.

“ಹಾಡುತ್ತಾಳಂತೆ!” ಎಂದರು. ಧ್ವನಿ ಏರಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು. “ಮತ್ತೆ ಆ ಹಾಡೇ ಹಾಡುತ್ತಾಳಂತೆ. ಹಾಡಿ ಹಾಡಿ ತಂದದ್ದು ಸಾಲಲಿಲ್ಲವಾ? ದೀಪ ಹಚ್ಚುವ ಹೊತ್ತಿಗೆ ದಿನಾ ಈ ಮನೆಯಲ್ಲಿ ನಿಂತು, ಗಂಡ ಸತ್ತ, ಗಂಡ ಸತ್ತ ಎಂದೆಯಲ್ಲ! ಅದು ಅಸ್ತು ದೇವತೆಗಳು ತಿರುಗುವ ಹೊತ್ತು. ಕೇಳಿದರು. ಅಸ್ತು ಎಂದರು. ಅವರಿಗೆಂತ ಗೊತ್ತು, ಇದು ರಾಣಿಯ ಗಂಡ, ನಮ್ಮ ವಿಷ್ಣು ಅಲ್ಲ ಅಂತ?”

ಈ ಮಾತಿನ ಬೀಜ ಬಿತ್ತಿದವನು ವಿಷ್ಣುಮೂರ್ತಿಯೇ. ಮುಸ್ಸಂಜೆಯ ಹೊತ್ತಿಗೆ ಗಿರಾಕಿ ಕಡಿಮೆ. ಅವನು ಮಹಡಿಗೆ ಬಂದು ಬಾಗಿಲಲ್ಲಿ ನಿಂತು ಅವಳ ಸಾಧನೆ ಕೇಳುತ್ತಿದ್ದ. ಒಂದು ದಿನ ಅರ್ಥ ಕೇಳಿ ತಿಳಿದುಕೊಂಡು, ದೀಪ ಹಚ್ಚುತ್ತಿದ್ದ ತಾಯಿಗೆ ನಗುತ್ತಾ ಹೇಳಿದ: “ಅಮ್ಮ, ಇದು ಅಳುವುದಲ್ಲವಂತೆ. ಗಂಡ ಮುಳುಗಿ ಸತ್ತನಂತೆ, ರಾಣಿ ಸಮುದ್ರಕ್ಕೆ ಬಯ್ಯುವುದಂತೆ, ನಮ್ಮ ಭಟ್ಟರು ಹಾಲಿನವನಿಗೆ ಬೈದ ಹಾಗೆ!” ತಾಯಿ ನಗಲಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಇರುವ ತನಕ ಅದು ಬರಿಯ ಗದ್ದಲವಾಗಿತ್ತು. ಅರ್ಥ ತಿಳಿದ ದಿನ ಶಾಪವಾಯಿತು.

“ಅತ್ತೆ,” ಎಂದಳು ಸರಸ, “ನಿಮ್ಮ ಮಗ ಹೊಟ್ಟೆನೋವು ಎಂದು ಹೇಳಿದಾಗ ಡಾಕ್ಟರ ಹತ್ತಿರ ಹೋಗೋಣ ಎಂದದ್ದು ನಾನು. ಹೋಟೆಲು ಬಿಟ್ಟು ಹೇಗೆ ಹೋಗುವುದು, ಕಷಾಯ ಸಾಕು ಎಂದವರು ಇಲ್ಲೇ ಇದ್ದಾರೆ. ಆಗ ಯಾವ ದೇವತೆ ತಿರುಗುತ್ತಿತ್ತು?”

ಗುಂಡಣ್ಣ ತಲೆ ತಗ್ಗಿಸಿದ. ಮುಖ ಮರೆಸಲು ಸ್ಟೂಲಿನ ಮೇಲೆ ಹಿಂದಕ್ಕೆ ತಿರುಗಲು ಹೋದ. ಅದು ಅರ್ಧಕ್ಕೆ ನಿಂತು ಅವನನ್ನು ಮತ್ತೆ ಅವಳ ಎದುರಿಗೇ ತಂದಿಟ್ಟಿತು.

ಸರಸ ಆ ಸ್ಟೂಲನ್ನೇ ನೋಡಿದಳು.

“ಭಾವ, ಏಳಿ.”

“ಎಂತ?”

“ಅದು ನಮ್ಮದಲ್ಲ. ಸಂಘದ ಪಿಯಾನೋದ ಸ್ಟೂಲು ಅದು. ಬೆತ್ತದ ಕುರ್ಚಿ ಮುರಿದಿತ್ತಲ್ಲ, ರಿಪೇರಿ ಆಗುವ ತನಕ ಅಂತ ಇವರು ಮಿಸ್ ಹಾರ್ಟ್ಲಿಯ ಹತ್ತಿರ ಕೇಳಿ ತಂದದ್ದು. ಪಾಪ, ಆ ಮುದುಕಿ ಅಂದಿನಿಂದ ಒಂದು ಕುರ್ಚಿಯ ಮೇಲೆ ಪುಸ್ತಕ ಪೇರಿಸಿಕೊಂಡು ನುಡಿಸುತ್ತಿದ್ದಾಳೆ. ಬರುವ ವಾರ ಕೊಡುತ್ತೇನೆ, ಬರುವ ವಾರ ಕೊಡುತ್ತೇನೆ ಎನ್ನುತ್ತಲೇ ಇದ್ದರು.”

“ಮೂರ್ ಮಾರ್ಕೆಟಿನಿಂದ ತಂದದ್ದು ಅಂದಿದ್ದನಲ್ಲ?”

“ನಿಮಗೆ ಹಾಗೆ ಹೇಳಿದ್ದರು. ಹೆಂಡತಿಯ ಸಂಗೀತದವರ ಹತ್ತಿರ ಕೈ ಒಡ್ಡಿದೆ ಎಂದರೆ ನೀವು ಸುಮ್ಮನೆ ಇರುತ್ತಿದ್ದಿರಾ?”

ರತ್ನಾವತಿಯಮ್ಮ ಗೋಡೆಗೆ ಕೈ ಕೊಟ್ಟು ನಿಂತರು. ಅವರ ಪಾಲಿಗೆ ಲೋಕದಲ್ಲಿ ಒಂದು ನಿಯಮ ಅಲುಗುವಂಥದ್ದಲ್ಲ: ಹೋದವನ ಮನೆಯಲ್ಲಿ ಪರರ ವಸ್ತು ಉಳಿಯಬಾರದು. ಉಳಿದರೆ ಅವನಿಗೆ ಮುಂದಿನ ದಾರಿ ಇಲ್ಲ. ಕ್ರಿಯೆಗೆ ಕೂರುವ ಮೊದಲೇ ಅವರು ಪಕ್ಕದ ಮನೆಯ ಕೊಡೆ, ಸೌಕಾರ್‌ಪೇಟೆಯ ಸೇಠರ ತಕ್ಕಡಿ, ಯಾರದೋ ಹಳೆಯ ಪಂಚಾಂಗ, ಎಲ್ಲವನ್ನೂ ಹುಡುಕಿ ಹುಡುಕಿ ವಾಪಸು ಕಳಿಸಿದ್ದರು. ಇದೊಂದು ಕಣ್ಣೆದುರೇ ಇದ್ದು ತಪ್ಪಿಸಿಕೊಂಡಿತ್ತು. ಪಿಂಡ ಇಟ್ಟದ್ದು, ದಾನ ಕೊಟ್ಟದ್ದು, ಬ್ರಾಹ್ಮಣರು ಉಂಡದ್ದು, ಇಷ್ಟೆಲ್ಲ ಆದ ಮೇಲೂ ಮಗ ಈ ತಿರುಗುವ ಮಣೆಗೆ ಸಿಕ್ಕಿಹಾಕಿಕೊಂಡು ಅಲ್ಲೇ ನಿಂತಿದ್ದಾನೆ!

“ಏಳೋ ಗುಂಡ!” ಎಂದು ಅವರು ಕಿರುಚಿದರು.

ಗುಂಡಣ್ಣ ಹಾರಿ ನಿಂತ. ಕಾಫಿ ಕುಡಿಯುತ್ತಿದ್ದ ಗಿರಾಕಿಗಳು ತಿರುಗಿ ನೋಡಿದರು.

“ತಿರುಮಲನ ಕೈಯಲ್ಲಿ ಕಳಿಸುವ,” ಎಂದ ಅವನು.

“ತಿರುಮಲ ಅವನಿಗೆ ಎಂತ ಆಗಬೇಕು? ಋಣದ ವಸ್ತು. ಹೆಂಡತಿ ಕೈಯಿಂದಲೇ ಹೋಗಬೇಕು, ಇವತ್ತೇ ಹೋಗಬೇಕು.” ಹೇಳಿ ಮುಗಿಸಿದ ಮೇಲೆ ಅವರಿಗೆ ತಾನೇನು ಹೇಳಿದೆನೆಂದು ತಿಳಿಯಿತು. ಸೊಸೆಯ ಮುಖ ನೋಡಿದರು. ಸೊಸೆ ಕಣ್ಣು ತಪ್ಪಿಸಲಿಲ್ಲ.

“ಕೊಟ್ಟು ಬಂದುಬಿಡು,” ಎಂದರು ಮೆಲ್ಲಗೆ. “ಕೊಟ್ಟು ಬರುದು ಮಾತ್ರ.”

ಸರಸ ಸ್ಟೂಲನ್ನು ಎತ್ತಿ ಬಾಗಿಲ ಬದಿಗೆ ಇಟ್ಟಳು.

ಸಂಜೆ ಅವಳು ಬಿಳಿಯ ಸೀರೆ ಉಡಲಿಲ್ಲ, ಬಣ್ಣದ್ದೂ ಉಡಲಿಲ್ಲ. ಪರೀಕ್ಷೆಗೆ ಉಟ್ಟಿದ್ದ ಬೂದು ಬಣ್ಣದ ಹತ್ತಿ ಸೀರೆ ಉಟ್ಟಳು. ರಿಕ್ಷಾದವನು ಸ್ಟೂಲನ್ನು ಎತ್ತಿ ಅವಳ ಕಾಲ ಬಳಿ ಇಡುತ್ತಾ ಅದನ್ನೊಮ್ಮೆ ತಿರುಗಿಸಿ ನೋಡಿದ. “ಸುತ್ತುದೇ!” ಎಂದು ನಕ್ಕ. “ಸರ್ಕಸ್ಸಾಮ್ಮಾ?”

“ಆಮಾ, ಸರ್ಕಸ್,” ಎಂದಳು ಸರಸ. ಎಷ್ಟೋ ದಿನಗಳ ಮೇಲೆ ಅವಳ ತುಟಿ ಒಂದು ಕಡೆಗೆ ಅಲುಗಿತು.

ದಾರಿಯುದ್ದಕ್ಕೂ ಸ್ಟೂಲನ್ನು ಎರಡು ಮೊಣಕಾಲುಗಳ ನಡುವೆ ಹಿಡಿದುಕೊಂಡಳು. ಮೇಲಿನ ಮಣೆ ಕೆಳಗೆ, ಪೂರ್ತಿ ಕೆಳಗೆ ಇಳಿದಿತ್ತು. ವಿಷ್ಣುಮೂರ್ತಿ ತೆಂಗಿನ ಮರದಂತೆ ಉದ್ದ. ತಂದ ದಿನವೇ ಮಣೆಯನ್ನು ತಿರುಪಿ ತಿರುಪಿ ಗಲ್ಲಾದ ಮೇಜಿಗೆ ಮೊಣಕಾಲು ತಾಗದಷ್ಟು ಇಳಿಸಿಕೊಂಡಿದ್ದ. ಗುಂಡಣ್ಣನಿಗೆ ನೆಲಕ್ಕೆ ಕೂತ ಹಾಗೆ ಆದದ್ದು ಅದಕ್ಕೇ.

ವೆಪೇರಿಯ ಹಾಲಿನಲ್ಲಿ ದೀಪ ಹಾಕಿದ್ದರು. ಸ್ಟೂಲನ್ನು ಸೊಂಟಕ್ಕೆ ಆನಿಸಿಕೊಂಡು ಸರಸ ಬಾಗಿಲಿಗೆ ಬಂದಾಗ ಒಳಗೆ ಡೊರೀನ್ ರಾಣಿಯ ಹಾಡು ಹಾಡುತ್ತಿದ್ದಳು. ಕೆಟ್ಟ ಕಂಠವೇನಲ್ಲ. ಆದರೆ ಅಳುತ್ತಿದ್ದಳು. ಪ್ರತಿ ಸಾಲಿನ ಕೊನೆಗೆ ಒಂದು ಬಿಕ್ಕು ಸೇರಿಸುತ್ತಿದ್ದಳು, ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಮುಂದಿನ ಸಾಲಿನಲ್ಲಿ ಕುಳಿತ ರೆಬೇರೊ ಕರವಸ್ತ್ರ ತೆಗೆದಿದ್ದ. ವಿಧವೆ ಎಂದರೆ ಹೀಗಿರಬೇಕು ಎಂದು ಅವರಿಗೆಲ್ಲ ಗೊತ್ತಿತ್ತು. ನಿಜವಾದ ವಿಧವೆ ಬಾಗಿಲಲ್ಲಿ ಸ್ಟೂಲು ಹಿಡಿದು ನಿಂತಿದ್ದಳು, ಅವಳ ಕಣ್ಣುಗಳು ಒಣಗಿದ್ದವು.

ಮಿಸ್ ಹಾರ್ಟ್ಲಿ ಅವಳನ್ನು ಕಂಡಳು. ಕೈ ಪಿಯಾನೋದ ಮೇಲೆ ಹಾಗೇ ನಿಂತಿತು. ಡೊರೀನ್ ಒಂದು ಸಾಲು ಒಬ್ಬಳೇ ಹಾಡಿ ನಿಲ್ಲಿಸಿದಳು.

ರೆಬೇರೊ ಎದ್ದು ಬಂದ. “ಮಿಸೆಸ್ ಮೂರ್ತಿ! ಇಂಥ ಸಮಯದಲ್ಲಿ ನೀವು... ಒಂದು ಸ್ಟೂಲಿಗಾಗಿ ನೀವೇ ಬರಬೇಕಾಗಿತ್ತೇ? ಇದರ ಅವಸರ ನಮಗೇನೂ ಇರಲಿಲ್ಲ.”

“ಕೊಡಬೇಕಾದದ್ದು ಕೊಡಬೇಕಲ್ಲ.”

“ಕಾರ್ಯಕ್ರಮದ ವಿಚಾರ ನಿಮ್ಮ ಭಾವ ಹೇಳಿರಬಹುದು. ನಿಮ್ಮ ದುಃಖಕ್ಕೆ ಗೌರವ ಕೊಟ್ಟು ನಾವು...”

“ಮಿಸ್ಟರ್ ರೆಬೇರೊ,” ಎಂದಳು ಸರಸ. ಅವಳು ಧ್ವನಿ ಎತ್ತಲಿಲ್ಲ. ಆದರೆ ಕೊನೆಯ ಸಾಲಿನ ಖಾಲಿ ಕುರ್ಚಿಗೂ ಕೇಳಿಸುವಂತೆ ಮಾತಾಡುವುದನ್ನು ಅವಳು ವರ್ಷಗಟ್ಟಲೆ ಕಲಿತಿದ್ದಳು. “ಈ ಸ್ಟೂಲನ್ನು ನನ್ನ ಗಂಡ ಕೇಳಿ ತಂದಿದ್ದರು. ನೀವು ನನ್ನ ಹಾಡನ್ನು ಕೇಳದೆ ತೆಗೆದಿರಿ. ನನ್ನ ಹತ್ತಿರ ಕೇಳಲಿಲ್ಲ, ಕಾಫಿ ಕೊಟ್ಟವರ ಹತ್ತಿರ ಕೇಳಿದಿರಿ. ಗಂಡ ಇದ್ದಾಗ ನಾನು ವಿಧವೆಯ ಹಾಡು ಹಾಡಿದರೆ ಎದ್ದು ನಿಂತು ಚಪ್ಪಾಳೆ ತಟ್ಟಿದವರು ನೀವು. ಈಗ ನಿಮಗೆ ನೋಡಲು ಕಷ್ಟವಾಗುತ್ತದೆ. ಆ ಕಷ್ಟಕ್ಕೆ ನನ್ನ ದುಃಖದ ಹೆಸರು ಇಡಬೇಡಿ.”

ರೆಬೇರೊ ಕರವಸ್ತ್ರ ಮಡಿಸಿ ಜೇಬಿಗೆ ಹಾಕಿದ. “ಕಮಿಟಿ ಮತ್ತೆ ಸೇರಬೇಕಾಗುತ್ತದೆ,” ಎಂದ ಕೊನೆಗೆ.

“ಸೇರಲಿ. ಆ ತನಕ ರಿಹರ್ಸಲ್ ನಡೆಯಲಿ.”

ಡೊರೀನ್ ಕೆಂಪಾಗಿದ್ದಳು. “ನೀವೇ ಬೇಡ ಎಂದಿರಿ ಅಂತ ನನಗೆ ಹೇಳಿದ್ದರು,” ಎಂದು ಮೆಲ್ಲಗೆ ಹೇಳಿ, ರೆಬೇರೊನ ಕಡೆ ಒಂದು ನೋಟ ಬೀರಿ, ಪಕ್ಕದ ಕುರ್ಚಿಗೆ ಹೋಗಿ ಕುಳಿತಳು.

ಮಿಸ್ ಹಾರ್ಟ್ಲಿ ಎದ್ದಳು. ಕುರ್ಚಿಯ ಮೇಲಿನ ದಪ್ಪ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲಿಟ್ಟಳು. ಕುರ್ಚಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿದಳು. ಸರಸ ಸ್ಟೂಲನ್ನು ಪಿಯಾನೋದ ಮುಂದೆ ಇಟ್ಟಳು. ಮುದುಕಿ ಅದರ ಮೇಲೆ ಕುಳಿತಳು, ಕುಳಿತರೆ ಗದ್ದ ಪಿಯಾನೋದ ಮಟ್ಟಕ್ಕೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಅವರು ಬಹಳ ಉದ್ದ,” ಎಂದಳು ಸರಸ.

“ಹೌದು,” ಎಂದು ಮಿಸ್ ಹಾರ್ಟ್ಲಿ ಎದ್ದು ನಿಂತಳು.

ಸರಸ ನೆಲಕ್ಕೆ ಮಂಡಿ ಊರಿ ಎರಡು ಕೈಯಲ್ಲಿ ಮಣೆ ಹಿಡಿದು ತಿರುಪಿದಳು. ಮಣೆ ಅರ್ಧ ಸುತ್ತು ಬಂತು, ಹೋಟೆಲಿನ ಎಣ್ಣೆ, ಹೊಗೆ, ಬೆವರು ಕುಡಿದ ತಿರುಪು ಅದರಾಚೆಗೆ ಕದಲಲಿಲ್ಲ. ಉಸಿರು ಹಿಡಿದು ಮತ್ತೆ ತಿರುಪಿದಳು. ಕಿರ್ರೆಂದು ಕೂಗಿ ಅದು ಬಿಟ್ಟುಕೊಟ್ಟಿತು. ಒಂದು ಸುತ್ತು, ಮತ್ತೊಂದು ಸುತ್ತು, ಮಣೆ ಮೇಲೇರತೊಡಗಿತು. ಅವನ ಕಾಲಿನ ಅಳತೆ ಅವಳ ಕೈಯ ಕೆಳಗೆ ಸುತ್ತು ಸುತ್ತಾಗಿ ಹೋಗುತ್ತಿತ್ತು. ಮೊದಲ ಹನಿ ಮಣೆಯ ಮೇಲೆ ಬಿದ್ದಾಗ ಅವಳು ಕೈ ನಿಲ್ಲಿಸಲಿಲ್ಲ, ಸೆರಗಿನಿಂದ ಅದನ್ನು ಒರೆಸಿ ತಿರುಪುತ್ತಲೇ ಇದ್ದಳು.

“ಸಾಕೇ?” ಎಂದು ಕೇಳಿದಳು.

ಮಿಸ್ ಹಾರ್ಟ್ಲಿ ಕುಳಿತು ಕೈ ಚಾಚಿ ನೋಡಿದಳು. “ಇನ್ನೊಂದು ಸುತ್ತು.”